ಟ್ರೈಪಾಡ್, 50 ಮಿ.ಮೀ. ಲೆನ್ಸ್ ಮತ್ತು ಮಹಾವ್ಯಾಧ: ಆಳ ಆಕಾಶದ ಮೊದಲ ಚಿತ್ರ ತೆಗೆಯುವ ಬಗೆ

ನೀಹಾರಿಕೆ (ಆಕಾಶದ ಅನಿಲ, ಧೂಳಿನ ಮೋಡ), ಗೆಲಾಕ್ಸಿಗಳ ಚಿತ್ರ ತೆಗೆಯಲು ದೊಡ್ಡ ಟೆಲಿಸ್ಕೋಪ್ ಬೇಕೇ ಬೇಕು ಅನ್ನುವ ನಂಬಿಕೆ ಬಹಳ ಮಂದಿಯನ್ನು ಹೊಸಿಲಲ್ಲೇ ನಿಲ್ಲಿಸಿಬಿಡುತ್ತದೆ. ನಿಜವಾಗಿ ಬೇಕಾಗಿರುವುದು ಮೂರು: ಕತ್ತಲೆ ಆಕಾಶ, ಕರಾರುವಾಕ್ಕಾದ ಫೋಕಸ್, ಮತ್ತು ಒಂದೇ ಜಾಗದ ಬೆಳಕನ್ನು ಹೊತ್ತುಗಟ್ಟಲೆ ಕೂಡಿಹಾಕುವ ತಾಳ್ಮೆ. ಮನೆಯಲ್ಲಿ ಹಳೆಯ ಡಿಎಸ್‌ಎಲ್‌ಆರ್ ಇದ್ದು, 50 ಮಿ.ಮೀ. ಎಫ್ 1.8 ಲೆನ್ಸ್ (ಎಫ್ ಸಂಖ್ಯೆ, ಅಂದರೆ ಅಪರ್ಚರ್ ಸಂಖ್ಯೆ, ಚಿಕ್ಕದಾದಷ್ಟೂ ಬೆಳಕು ಹೆಚ್ಚು) ಒಂದು ಸಿಕ್ಕರೆ, ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಕತ್ತಿಯಲ್ಲಿರುವ ನೀಹಾರಿಕೆಯನ್ನು ಬಣ್ಣಸಮೇತ ಹಿಡಿಯಬಹುದು. ಇಲ್ಲಿ ಹೇಳುವುದೆಲ್ಲ ಆ ಒಂದು ಗುರಿಯ ಸುತ್ತಲೇ ಇದೆ. ಒಂದನ್ನು ಸರಿಯಾಗಿ ಮಾಡಿದವರಿಗೆ ಉಳಿದದ್ದು ಕಷ್ಟವಲ್ಲ.

ಗುರಿ ಇದೇ ಯಾಕೆ? ಎಂ42 ಎಂದು ಕರೆಯುವ ಈ ನೀಹಾರಿಕೆ ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿದೆ. ಆಕಾಶದಲ್ಲಿ ಅದರ ಅಗಲ ಸುಮಾರು ಒಂದು ಡಿಗ್ರಿ, ಅಂದರೆ ಹುಣ್ಣಿಮೆ ಚಂದ್ರನ ಎರಡರಷ್ಟು. ಹಳ್ಳಿಯ ಕತ್ತಲಲ್ಲಿ ಬರಿಗಣ್ಣಿಗೂ ಮಸುಕಾಗಿ ಕಾಣುತ್ತದೆ, ಆದ್ದರಿಂದ ಹುಡುಕಾಟವಿಲ್ಲ: ಮೂರು ನಕ್ಷತ್ರಗಳ ಸೊಂಟಪಟ್ಟಿಯ ಕೆಳಗೆ ತೂಗುವ ಕತ್ತಿಯ ನಡುವಿನ ಚುಕ್ಕೆಯೇ ಅದು. ಬೆಂಗಳೂರಿನ ಅಕ್ಷಾಂಶದಲ್ಲಿ ಇದು ದಿಗಂತದಿಂದ 71 ಡಿಗ್ರಿ ಮೇಲಕ್ಕೇರುತ್ತದೆ. ಅಷ್ಟು ಮೇಲೆ ಗಾಳಿಯ ಪದರ ತೆಳು, ಊರದೀಪಗಳ ಹೊಗೆಬೆಳಕೂ ಕಡಿಮೆ. ಯುರೋಪಿನವರಿಗೆ ಈ ಭಾಗ್ಯವಿಲ್ಲ. ಲಂಡನ್ನಿನಲ್ಲಿ ಇದು 33 ಡಿಗ್ರಿ ದಾಟುವುದಿಲ್ಲ.

ಒಂದು ಮಾತು ಮೊದಲೇ ತಿಳಿದಿರಲಿ. 50 ಮಿ.ಮೀ. ಲೆನ್ಸಿನಲ್ಲಿ ನೀಹಾರಿಕೆ ಇಡೀ ಚಿತ್ರವನ್ನು ತುಂಬುವುದಿಲ್ಲ. 6,000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದಕ್ಕೆ ಸಿಗುವುದು ಸುಮಾರು 240 ಪಿಕ್ಸೆಲ್. ಆದರೆ ಇಡೀ ಮಹಾವ್ಯಾಧ, ಕೆಂಪಗಿನ ಆರ್ದ್ರಾ, ನೀಲಿಬಿಳಿ ರಿಗೆಲ್, ನಡುವೆ ಗುಲಾಬಿ ಬಣ್ಣದ ನೀಹಾರಿಕೆ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಬರುತ್ತವೆ. ಮೊದಲ ಚಿತ್ರಕ್ಕೆ ಅದು ತುಂಬ ಒಳ್ಳೆಯ ಗುರಿ.

ದಿನ ಮತ್ತು ಜಾಗ

ದಿನ ಗೊತ್ತುಮಾಡಲು ಗೋಡೆಯ ಮೇಲಿನ ಪಂಚಾಂಗ ಕ್ಯಾಲೆಂಡರ್ ಸಾಕು. ಕೃಷ್ಣಪಕ್ಷದ ಅಷ್ಟಮಿಯ ಹೊತ್ತಿಗೆ ಚಂದ್ರ ಹುಟ್ಟುವುದು ನಡುರಾತ್ರಿಯ ಆಸುಪಾಸು; ಅಲ್ಲಿಂದ ಅಮಾವಾಸ್ಯೆ ದಾಟಿ ಶುಕ್ಲಪಕ್ಷದ ತದಿಗೆ, ಚೌತಿಯವರೆಗೆ ಸಂಜೆಯ ಆಕಾಶ ನಿಮ್ಮದು. ಚೌತಿಯ ಚಂದ್ರ ರಾತ್ರಿ ಒಂಬತ್ತೂವರೆಯೊಳಗೆ ಮುಳುಗುತ್ತಾನೆ. ಅಷ್ಟಮಿ ದಾಟಿದ ಶುಕ್ಲಪಕ್ಷದಲ್ಲಿ ಹೋಗಿ ಪ್ರಯೋಜನವಿಲ್ಲ. ಫೋಕಸ್ ಅಭ್ಯಾಸಕ್ಕೆ, ಕ್ಯಾಮೆರಾದ ಗುಂಡಿಗಳನ್ನು ಕತ್ತಲಲ್ಲಿ ಕೈಗೆ ರೂಢಿ ಮಾಡಿಕೊಳ್ಳಲಿಕ್ಕೆ ಆ ದಿನಗಳನ್ನು ಇಟ್ಟುಕೊಳ್ಳಿ.

ಡಿಸೆಂಬರ್ ಮಧ್ಯದಲ್ಲಿ ಮಹಾವ್ಯಾಧ ನೆತ್ತಿಯ ಬಳಿಗೆ ಬರುವುದು ನಡುರಾತ್ರಿಗೆ, ಜನವರಿ ಮಧ್ಯದಲ್ಲಿ ಹತ್ತಕ್ಕೆ, ಫೆಬ್ರವರಿ ಮಧ್ಯದಲ್ಲಿ ಎಂಟಕ್ಕೆ. ಸೂರ್ಯ ಮುಳುಗಿ ಒಂದು ಗಂಟೆ ಇಪ್ಪತ್ತು ನಿಮಿಷ ಕಳೆಯದೆ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ. ಇವೆರಡನ್ನೂ ಕೂಡಿಸಿ ನೋಡಿದರೆ ಜನವರಿಯ ಅಮಾವಾಸ್ಯೆಯ ಆಚೀಚಿನ ವಾರ ಎಲ್ಲಕ್ಕಿಂತ ಅನುಕೂಲ. ನೈರುತ್ಯ ಮಾರುತದ ನಾಲ್ಕು ತಿಂಗಳು, ಅದರ ಹಿಂದೆಯೇ ಬರುವ ಹಿಂಗಾರು ಮುಗಿದು ಮೋಡ ಸರಿದಿರುವ ಕಾಲವೂ ಅದೇ.

ಜಾಗದ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಲೆಕ್ಕವೇ ಅದನ್ನು ಹೇಳುತ್ತದೆ. ದೊಡ್ಡ ನಗರದ ಆಕಾಶಕ್ಕೂ ಒಳ್ಳೆಯ ಹಳ್ಳಿಯ ಆಕಾಶಕ್ಕೂ ಹೊಳಪಿನಲ್ಲಿ ಸುಮಾರು ಮೂರು ಮ್ಯಾಗ್ನಿಟ್ಯೂಡ್ (ಹೊಳಪಿನ ಮಾನ) ವ್ಯತ್ಯಾಸ, ಅಂದರೆ ಸುಮಾರು 16 ಪಟ್ಟು. ಹಳ್ಳಿಯ ಹೊಲದಲ್ಲಿ 40 ನಿಮಿಷದಲ್ಲಿ ಸಿಗುವ ಗುಣಮಟ್ಟಕ್ಕೆ ಬೆಂಗಳೂರಿನ ಟೆರೇಸಿನಲ್ಲಿ ಹತ್ತು ಗಂಟೆಗೂ ಮೀರಿ ಬೇಕಾದೀತು. ಲೆನ್ಸಿಗೆ ಹಾಕುವ ದುಡ್ಡಿಗಿಂತ ಬಸ್ ಚಾರ್ಜಿಗೆ ಹಾಕುವ ದುಡ್ಡು ಹೆಚ್ಚು ಕೆಲಸ ಮಾಡುವುದು ಇಲ್ಲಿ. ಬೆಳಕಿನ ಮಾಲಿನ್ಯದ ನಕ್ಷೆಗಳು ಅಂತರ್ಜಾಲದಲ್ಲಿ ಉಚಿತವಾಗಿವೆ. ಬಾರ್ಟ್ಲ್ ಮಾಪಕದಲ್ಲಿ 9 ಅತಿ ಕೆಟ್ಟದ್ದು, 1 ಅತಿ ಕತ್ತಲು; 4 ಅಥವಾ ಅದಕ್ಕಿಂತ ಕಡಿಮೆ ಇರುವ ಜಾಗ ಹುಡುಕಿ. ಚಿತ್ರದುರ್ಗ, ಪಾವಗಡದ ಕಡೆಯ ಬಯಲುಸೀಮೆಯಲ್ಲಿ ಗಾಳಿ ಒಣ, ಇಬ್ಬನಿ ಕಡಿಮೆ. ಮಲೆನಾಡಿನಲ್ಲಿ ಕತ್ತಲೇನೋ ಚೆನ್ನಾಗಿರುತ್ತದೆ, ಆದರೆ ಲೆನ್ಸ್ ಒದ್ದೆಯಾಗುವುದು ಖಂಡಿತ. ನೆಂಟರ ಅಥವಾ ಪರಿಚಯದವರ ಹೊಲ, ತೋಟದ ಮನೆಯ ಅಂಗಳ ಎಲ್ಲಕ್ಕಿಂತ ಕ್ಷೇಮ. ಅರಣ್ಯ ಪ್ರದೇಶಕ್ಕೆ ರಾತ್ರಿ ಹೋಗಬೇಡಿ. ಎಲ್ಲಿಗೆ ಹೋದರೂ ಹಗಲಿನಲ್ಲೇ ತಲುಪಿ, ಜಾಗದವರಿಗೆ ಹೇಳಿ, ಬೀದಿದೀಪ ಎಲ್ಲಿ ಹತ್ತುತ್ತದೆ, ಹುತ್ತ ಎಲ್ಲಿದೆ ಅನ್ನುವುದನ್ನು ನೋಡಿಕೊಳ್ಳಿ.

ಸಲಕರಣೆ

ಮುಂದಿನ ಲೆಕ್ಕಗಳನ್ನೆಲ್ಲ ಕ್ಯಾನನ್ 1500ಡಿ ಕ್ಯಾಮೆರಾವನ್ನು ಇಟ್ಟುಕೊಂಡು ಹಾಕಿದೆ: 24 ಮೆಗಾಪಿಕ್ಸೆಲ್, ಒಂದೊಂದು ಪಿಕ್ಸೆಲ್ 3.72 ಮೈಕ್ರಾನ್. ಎಪಿಎಸ್‌-ಸಿ ಸೆನ್ಸರಿನ ಯಾವ ಕ್ಯಾಮೆರಾಕ್ಕಾದರೂ ಇವು ಹತ್ತಿರಹತ್ತಿರ ಒಪ್ಪುತ್ತವೆ. ಮ್ಯಾನುವಲ್ ಮೋಡ್ ಮತ್ತು ರಾ ಫೈಲ್ (ಸೆನ್ಸರಿನ ಮಾಹಿತಿಯನ್ನು ತಿದ್ದದೆ ಉಳಿಸುವ ಫೈಲು) ಎರಡೂ ಇರಬೇಕು.

50 ಮಿ.ಮೀ. ಎಫ್ 1.8 ಲೆನ್ಸನ್ನು ಸೆಕೆಂಡ್ ಹ್ಯಾಂಡ್ ಕೊಂಡರೂ ಸರಿ. ಕ್ಯಾಮೆರಾದ ಜೊತೆ ಬರುವ 18-55 ಲೆನ್ಸ್ 55ರಲ್ಲಿ ಎಫ್ 5.6ಕ್ಕೆ ನಿಲ್ಲುತ್ತದೆ, ಇಲ್ಲಿ ನಾವು ಬಳಸಲಿರುವ ಎಫ್ 2.8ರಲ್ಲಿ ಬರುವ ಬೆಳಕಿನ ಕಾಲುಭಾಗ ಮಾತ್ರ ಅದರಲ್ಲಿ ಬರುವುದರಿಂದ ನಾಲ್ಕು ಪಟ್ಟು ಹೊತ್ತು ಕೂರಬೇಕು. ಟ್ರೈಪಾಡ್ ಯಾವುದಾದರೂ ಆದೀತು, ಆದರೆ ನಡುಗಂಬವನ್ನು ಎತ್ತಬೇಡಿ, ಕಾಲುಗಳನ್ನೂ ಪೂರ್ತಿ ಎಳೆಯಬೇಡಿ. ಕೊಕ್ಕೆಗೆ ಕಲ್ಲು ತುಂಬಿದ ಚೀಲ ತೂಗಿಹಾಕಿ. ಚೀಲ ನೆಲಕ್ಕೆ ತುಸು ತಾಗಿರಲಿ, ಗಾಳಿಗೆ ತೂಗಾಡಿದರೆ ಅದೇ ಕಾಟ. ಕ್ಯಾಮೆರಾದ ಕುತ್ತಿಗೆಪಟ್ಟಿಯನ್ನೂ ಬಿಚ್ಚಿಡಿ.

ಒಂದಾದ ಮೇಲೊಂದು ಚಿತ್ರ ತೆಗೆಯಲು ಇಂಟರ್‌ವಲೋಮೀಟರ್ (ಗೊತ್ತುಮಾಡಿದ ಅಂತರದಲ್ಲಿ ಶಟರ್ ಒತ್ತುವ ಟೈಮರ್ ರಿಮೋಟ್) ಒಳ್ಳೆಯದು. ಅದು ಇಲ್ಲದಿದ್ದರೆ, ಗುಂಡಿಯನ್ನು ಒತ್ತಿ ಲಾಕ್ ಮಾಡಬಲ್ಲ ಸಾದಾ ವೈರ್ ರಿಮೋಟ್ ಸಾಕು: ಕ್ಯಾಮೆರಾವನ್ನು ಕಂಟಿನ್ಯುಯಸ್ ಶೂಟಿಂಗ್‌ನಲ್ಲಿಟ್ಟು ಗುಂಡಿ ಲಾಕ್ ಮಾಡಿದರೆ, ಬಿಡಿಸುವ ತನಕ ತೆಗೆಯುತ್ತಲೇ ಇರುತ್ತದೆ. ಕೊಳ್ಳುವ ಮುಂಚೆ ನಿಮ್ಮ ಕ್ಯಾಮೆರಾದಲ್ಲಿ ರಿಮೋಟಿನ ತೂತು ಇದೆಯೇ ನೋಡಿ. ನಿಕಾನ್ ಡಿ3500ರಲ್ಲಿ ಇಲ್ಲ. ಇವುಗಳ ಜೊತೆ ಒಂದು ಹೆಚ್ಚುವರಿ ಬ್ಯಾಟರಿ, 32 ಜಿಬಿ ಕಾರ್ಡ್, ಕೆಂಪು ಜಿಲೇಟಿನ್ ಕಾಗದ ಕಟ್ಟಿದ ಟಾರ್ಚ್, ಕೂರಲು ಚಾಪೆ. ಎಂ42 ಅಷ್ಟು ಮೇಲಿರುವಾಗ ಕ್ಯಾಮೆರಾದ ಪರದೆ ನೆಲದ ಕಡೆ ಮುಖಮಾಡಿರುತ್ತದೆ, ಚಾಪೆಯ ಬೆಲೆ ಆಗ ಗೊತ್ತಾಗುತ್ತದೆ.

ಎಷ್ಟು ಸೆಕೆಂಡ್?

ಭೂಮಿ ತಿರುಗುವುದರಿಂದ ನಕ್ಷತ್ರಗಳು ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ಸರಿಯುತ್ತವೆ. ಈ ಕ್ಯಾಮೆರಾ ಮತ್ತು 50 ಮಿ.ಮೀ. ಲೆನ್ಸ್ ಸೇರಿದರೆ ಒಂದು ಪಿಕ್ಸೆಲ್ಲಿನ ಅಳತೆಯೂ ಸರಿಸುಮಾರು 15 ಆರ್ಕ್‌ಸೆಕೆಂಡೇ. ಸೂತ್ರ ಬೇಕಿದ್ದರೆ: ಪಿಕ್ಸೆಲ್ಲಿನ ಮೈಕ್ರಾನ್ ಅಳತೆಯನ್ನು 206ರಿಂದ ಗುಣಿಸಿ ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿ. ಹೀಗಾಗಿ ಪ್ರತಿ ಸೆಕೆಂಡಿಗೆ ನಕ್ಷತ್ರ ಒಂದು ಪಿಕ್ಸೆಲ್ ಜಾರುತ್ತದೆ. ಮಹಾವ್ಯಾಧ ಆಕಾಶದ ವಿಷುವದ್ ವೃತ್ತದ ಮೇಲೇ ಕೂತಿರುವುದರಿಂದ ಅಲ್ಲಿ ಈ ಜಾರುವಿಕೆ ಎಲ್ಲಕ್ಕಿಂತ ಜೋರು.

500ನ್ನು ಲೆನ್ಸಿನ ಉದ್ದದಿಂದಲೂ, ಸಣ್ಣ ಸೆನ್ಸರಿನ ಕ್ರಾಪ್ ಅಂಶವಾದ 1.6ರಿಂದಲೂ ಭಾಗಿಸುವ ಹಳೆಯ ನಿಯಮ ಇಲ್ಲಿ 6 ಸೆಕೆಂಡ್ ಅನ್ನುತ್ತದೆ. ಅದು ಫಿಲ್ಮ್ ಕಾಲದ ಧಾರಾಳ. 24 ಮೆಗಾಪಿಕ್ಸೆಲ್ ಚಿತ್ರವನ್ನು ಹಿಗ್ಗಿಸಿದರೆ ನಕ್ಷತ್ರಗಳೆಲ್ಲ ಜೀರಿಗೆಯಂತೆ ಕಾಣುತ್ತವೆ. ಎನ್‌ಪಿಎಫ್ ಎಂಬ ಸೂತ್ರ ಇದಕ್ಕಿಂತ ನಂಬಿಕಸ್ಥ: ಅಪರ್ಚರ್ ಸಂಖ್ಯೆಯನ್ನು 35ರಿಂದ, ಪಿಕ್ಸೆಲ್ ಅಳತೆಯನ್ನು 30ರಿಂದ ಗುಣಿಸಿ, ಕೂಡಿಸಿ, ಲೆನ್ಸಿನ ಉದ್ದದಿಂದ ಭಾಗಿಸಬೇಕು. ಎಫ್ 2.8ಕ್ಕೆ ಬರುವ ಉತ್ತರ 4.2. ಆದ್ದರಿಂದ 4 ಸೆಕೆಂಡ್.

ಎಫ್ 1.8 ಬಿಟ್ಟು 2.8 ಯಾಕೆ ಅಂದರೆ, ಪೂರ್ತಿ ತೆರೆದಾಗ ಈ ಅಗ್ಗದ ಲೆನ್ಸುಗಳು ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಮೂಡಿಸುತ್ತವೆ, ಹೊಳೆಯುವ ನಕ್ಷತ್ರಗಳ ಸುತ್ತ ನೇರಳೆ ಬಳೆ ತೊಡಿಸುತ್ತವೆ. ಆ ದೋಷವನ್ನು ಆಮೇಲೆ ಕಂಪ್ಯೂಟರಿನಲ್ಲಿ ತೆಗೆಯುವುದು ಬಲು ಕಷ್ಟ. ಬೆಳಕು ಕಡಿಮೆಯಾದರೆ ಹೆಚ್ಚು ಹೊತ್ತು ಕೂತು ತುಂಬಿಕೊಳ್ಳಬಹುದು. ಕೆಟ್ಟ ನಕ್ಷತ್ರಕ್ಕೆ ಆ ದಾರಿ ಇಲ್ಲ. ಐಎಸ್‌ಒ (ಬೆಳಕನ್ನು ಎಷ್ಟು ಹಿಗ್ಗಿಸಿ ದಾಖಲಿಸಬೇಕೆಂಬ ಸೆಟ್ಟಿಂಗ್) 1600 ಇಡಿ. ಒಂದು ಪ್ರಯೋಗಚಿತ್ರ ತೆಗೆದು ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ತೋರಿಸುವ ಹೊಳಪಿನ ನಕ್ಷೆ) ನೋಡಿ: ಅದರಲ್ಲಿನ ಗುಡ್ಡ ಎಡಗೋಡೆಗೆ ಅಂಟಿಕೊಳ್ಳದೆ ಸ್ವಲ್ಪ ಬಿಟ್ಟು ನಿಂತಿರಬೇಕು. ಅಂಟಿಕೊಂಡಿದ್ದರೆ 3200ಕ್ಕೆ ಏರಿಸಿ.

ಉಳಿದ ಸೆಟ್ಟಿಂಗುಗಳು: ರಾ ಮಾತ್ರ, ಜೆಪೆಗ್ ಬೇಡ. ವೈಟ್ ಬ್ಯಾಲೆನ್ಸ್ ಡೇಲೈಟ್. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್. ಅದು ಆನ್ ಆಗಿದ್ದರೆ ಅರ್ಧ ರಾತ್ರಿಯನ್ನು ಕ್ಯಾಮೆರಾ ತನ್ನ ಲೆಕ್ಕಾಚಾರಕ್ಕೇ ತಿಂದುಹಾಕುತ್ತದೆ. ಲೆನ್ಸಿನಲ್ಲಿ ಸ್ಟೆಬಿಲೈಸೇಷನ್ ಇದ್ದರೆ ಅದೂ ಆಫ್. ಆಟೋ ಪವರ್ ಆಫ್ ಕೂಡ.

ಫೋಕಸ್

ಕೆಟ್ಟುಹೋಗುವ ಮೊದಲ ಚಿತ್ರಗಳಲ್ಲಿ ಹೆಚ್ಚಿನವು ಕೆಡುವುದು ಇಲ್ಲೇ. ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬಬೇಡಿ, ಅದು ಅಂದಾಜಿಗೆ ಅಷ್ಟೇ. ಲೆನ್ಸಿನ ಗುಂಡಿಯನ್ನು ಎಂಎಫ್‌ಗೆ (ಮ್ಯಾನುವಲ್ ಫೋಕಸ್) ತಳ್ಳಿ, ಲೈವ್ ವ್ಯೂ ಹಾಕಿ, ಲುಬ್ಧಕದತ್ತ ತಿರುಗಿಸಿ. ಮಹಾವ್ಯಾಧನ ಎಡಕ್ಕೆ ಕೆಳಗೆ, ಇರುಳಿನಲ್ಲೇ ಅತಿ ಪ್ರಕಾಶದ ನಕ್ಷತ್ರ ಅದು. ಪರದೆಯಲ್ಲಿ 10 ಪಟ್ಟು ಹಿಗ್ಗಿಸಿ, ಉಂಗುರವನ್ನು ನಿಧಾನಕ್ಕೆ ತಿರುಗಿಸುತ್ತ ಹೋಗಿ. ನಕ್ಷತ್ರ ಕುಗ್ಗುತ್ತ ಕುಗ್ಗುತ್ತ ಬಿಂದುವಾಗಿ ಮತ್ತೆ ಊದಿಕೊಳ್ಳುತ್ತದೆ. ಬಿಂದುವಿನ ಆಚೆ ಈಚೆ ಎರಡು ಬದಿಯಲ್ಲೂ ಅಂಚಿನ ಬಣ್ಣ ಬೇರೆಬೇರೆಯಾಗಿರುವುದನ್ನು ಗಮನಿಸಿ: ಒಂದು ಕಡೆ ಕೆಂಪುಛಾಯೆ, ಇನ್ನೊಂದು ಕಡೆ ಹಸಿರು ಅಥವಾ ನೀಲಿಛಾಯೆ. ಎರಡೂ ಅಳಿಸಿಹೋಗುವ ಆ ಕೂದಲೆಳೆಯ ಜಾಗವೇ ಬೇಕಾದದ್ದು. ಆಮೇಲೆ ಲುಬ್ಧಕವನ್ನು ಬಿಟ್ಟು ಪಕ್ಕದ ಮಂಕು ನಕ್ಷತ್ರವೊಂದನ್ನು ಹಿಗ್ಗಿಸಿ ನೋಡಿ. ಫೋಕಸ್ ಸರಿಯಿದ್ದರೆ ಮಾತ್ರ ಅದು ಪರದೆಯಲ್ಲಿ ಕಾಣುತ್ತದೆ, ಇಲ್ಲದಿದ್ದರೆ ಕರಗಿಹೋಗುತ್ತದೆ. ಇದಕ್ಕಿಂತ ಪ್ರಾಮಾಣಿಕ ಪರೀಕ್ಷೆ ಇನ್ನೊಂದಿಲ್ಲ.

ಸಿಕ್ಕಿದ ಮೇಲೆ ಉಂಗುರಕ್ಕೆ ಪೇಪರ್ ಟೇಪ್ ಅಂಟಿಸಿ. ಅಂಟಿಸುವಾಗಲೇ ಉಂಗುರ ಕದಲುವುದು ಸಾಮಾನ್ಯ, ಅದಕ್ಕೇ ಅಂಟಿಸಿದ ನಂತರ ಮತ್ತೊಮ್ಮೆ ನೋಡಿ. ಎಸ್‌ಟಿಎಂ ಲೆನ್ಸುಗಳ ಉಂಗುರ ವಿದ್ಯುತ್ತಿನಿಂದ ಕೆಲಸ ಮಾಡುವಂಥದ್ದು. ಕ್ಯಾಮೆರಾ ಮಲಗಿದ್ದಾಗ ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ, ಶಟರ್ ಗುಂಡಿಯನ್ನು ಅರ್ಧ ಒತ್ತಿ ಎಬ್ಬಿಸಬೇಕು. ರಾತ್ರಿ ತಣ್ಣಗಾದಂತೆ ಲೆನ್ಸಿನ ಫೋಕಸ್ ಸರಿಯುತ್ತದೆ. ಅರ್ಧ ಗಂಟೆಗೊಮ್ಮೆ ಪರೀಕ್ಷಿಸಿ, ಮುಗಿದ ಕೂಡಲೇ ಲೈವ್ ವ್ಯೂ ಆರಿಸಿ. ಅದು ಸೆನ್ಸರನ್ನು ಬಿಸಿ ಮಾಡುತ್ತದೆ, ಬ್ಯಾಟರಿಯನ್ನೂ ಹೀರುತ್ತದೆ.

ಚಿತ್ರ ತೆಗೆಯುವ ಹೊತ್ತು

ಒಂದು ಚಿತ್ರ 4 ಸೆಕೆಂಡಿನದಾದರೂ ಗುರಿ ಒಟ್ಟು 40 ನಿಮಿಷ, ಅಂದರೆ 600 ಚಿತ್ರ. ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದಾಗ ನೀಹಾರಿಕೆ ಹಾಗೇ ಉಳಿಯುತ್ತದೆ, ಕಾಳುಕಾಳು ನಾಯ್ಸ್ ಮಾತ್ರ ಸಂಖ್ಯೆಯ ವರ್ಗಮೂಲದಷ್ಟು ಇಳಿಯುತ್ತದೆ. 100 ಚಿತ್ರಕ್ಕೆ ಹತ್ತನೇ ಒಂದು ಪಾಲು, 400ಕ್ಕೆ ಇಪ್ಪತ್ತನೇ ಒಂದು ಪಾಲು. ಮೊದಲ ನೂರು ಚಿತ್ರ ತರುವ ಲಾಭ ಆಮೇಲಿನ ನೂರರಲ್ಲಿ ಸಿಗುವುದಿಲ್ಲ, ಆದರೂ 600ರವರೆಗೆ ಹೋಗುವುದು ಸಾರ್ಥಕ.

ಮಹಾವ್ಯಾಧ ನೆತ್ತಿಯ ಬಳಿ ಇರುವಾಗ ಚೌಕಟ್ಟಿನ ಉದ್ದದ ಬದಿ ಉತ್ತರ-ದಕ್ಷಿಣವಾಗಿರಲಿ. 50 ಮಿ.ಮೀ.ನಲ್ಲಿ ಚೌಕಟ್ಟು ಸುಮಾರು 25 ಡಿಗ್ರಿ ಉದ್ದ, 17 ಡಿಗ್ರಿ ಅಗಲ; ಆರ್ದ್ರಾದಿಂದ ರಿಗೆಲ್‌ವರೆಗೆ ಸುಮಾರು 19 ಡಿಗ್ರಿ. ಟ್ರೈಪಾಡ್ ನಿಂತಲ್ಲೇ ನಿಂತಿರುವುದರಿಂದ ಹತ್ತು ನಿಮಿಷಕ್ಕೆ ಇಡೀ ಚಿತ್ರ ಎರಡೂವರೆ ಡಿಗ್ರಿ ಪಶ್ಚಿಮಕ್ಕೆ ಜಾರುತ್ತದೆ. ಆದ್ದರಿಂದ ಸೊಂಟಪಟ್ಟಿಯನ್ನು ನಟ್ಟನಡುವೆ ಇಡದೆ ತುಸು ಪೂರ್ವದ ಬದಿಗೆ ಇಟ್ಟು ಶುರುಮಾಡಿ, ಜಾರುತ್ತ ನಡುವಿಗೆ ಬಂದು ಆಚೆ ಹೋಗಲಿ. 4 ಸೆಕೆಂಡ್ ಚಿತ್ರ, 1 ಸೆಕೆಂಡ್ ಬಿಡುವು, 120 ಚಿತ್ರ: ಹತ್ತು ನಿಮಿಷ. ಮತ್ತೆ ಚೌಕಟ್ಟು ಸರಿಮಾಡಿ ಇನ್ನೊಂದು 120. ಹೀಗೆ ಐದು ಕಂತು.

ಪ್ರತಿ ಕಂತಿಗೂ ಚೌಕಟ್ಟನ್ನು ಹಿಂದಿನ ಜಾಗಕ್ಕೇ ಕರಾರುವಾಕ್ಕಾಗಿ ತರಬೇಡಿ, ಒಂದಿಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಹೆಚ್ಚುಕಮ್ಮಿ ಇರಲಿ. ಸೆನ್ಸರಿನಲ್ಲೇ ಇರುವ ಕಲೆಗಳು ಒಂದೇ ದಿಕ್ಕಿಗೆ ಜಾರುತ್ತ ಪೇರಿಕೊಂಡರೆ ಕೊನೆಯ ಚಿತ್ರದಲ್ಲಿ ಮಳೆ ಹೊಡೆದಂಥ ಓರೆಗೆರೆಗಳು ಬೀಳುತ್ತವೆ. ಈ ಸಣ್ಣ ಅಡ್ಡಾದಿಡ್ಡಿಯೇ ಅದಕ್ಕೆ ಮದ್ದು.

ಇಂಟರ್‌ವಲೋಮೀಟರ್ ಬಳಸುವವರಿಗೆ ಒಂದು ಎಚ್ಚರಿಕೆ. ಕೆಲವು ಕಂಪನಿಯ ರಿಮೋಟಿನಲ್ಲಿ ಇಂಟರ್‌ವಲ್ ಅಂದರೆ ಒಂದು ಚಿತ್ರದ ಶುರುವಿನಿಂದ ಮುಂದಿನದರ ಶುರುವಿನವರೆಗೆ, ಕೆಲವದರಲ್ಲಿ ಒಂದರ ಕೊನೆಯಿಂದ ಮುಂದಿನದರ ಶುರುವಿನವರೆಗೆ. ಮೊದಲ ಬಗೆಯದಕ್ಕೆ 1 ಎಂದು ಕೊಟ್ಟರೆ ಕ್ಯಾಮೆರಾ ಚಿತ್ರಗಳನ್ನು ಬಿಟ್ಟುಬಿಟ್ಟು ತೆಗೆಯುತ್ತದೆ. ಹಗಲಿನಲ್ಲೇ ಮನೆಯಲ್ಲಿ ಹತ್ತು ಚಿತ್ರ ತೆಗೆದು ಎಣಿಸಿ ನೋಡಿ. ಬಲ್ಬ್ ಮೋಡಿಗಿಂತ (ಗುಂಡಿ ಒತ್ತಿರುವಷ್ಟು ಹೊತ್ತು ಶಟರ್ ತೆರೆದಿರುವ ಮೋಡ್) ಕ್ಯಾಮೆರಾದಲ್ಲೇ 4 ಸೆಕೆಂಡ್ ಇಟ್ಟು ರಿಮೋಟನ್ನು ಬರೀ ಗುಂಡಿಯಾಗಿ ಬಳಸುವುದು ಹೆಚ್ಚು ನಿಖರ.

ಇಬ್ಬನಿ ಬೀಳುವ ರಾತ್ರಿ ಲೆನ್ಸಿನ ಮುಂಗಾಜು ಯಾವಾಗ ಮಂಜಾಯಿತೆಂದು ಗೊತ್ತೇ ಆಗುವುದಿಲ್ಲ; ಚಿತ್ರದಲ್ಲಿ ನಕ್ಷತ್ರಗಳ ಸುತ್ತ ಮೆಲ್ಲಗೆ ಪ್ರಭೆ ಹರಡುವುದೇ ಸೂಚನೆ. ಪವರ್ ಬ್ಯಾಂಕಿಗೆ ಜೋಡಿಸುವ ಯುಎಸ್‌ಬಿ ಲೆನ್ಸ್ ಹೀಟರ್ ಪಟ್ಟಿಯನ್ನು ಮೊದಲಿನಿಂದಲೇ ಸುತ್ತಿಟ್ಟರೆ ಈ ತೊಂದರೆ ಇಲ್ಲ. ಮಂಜು ಕೂತ ಮೇಲೆ ಬಟ್ಟೆಯಿಂದ ಒರೆಸಬೇಡಿ: ಫೋಕಸ್ ಕದಲುತ್ತದೆ, ಗಾಜಿಗೆ ಗೀರು ಬೀಳುತ್ತದೆ, ಎರಡು ನಿಮಿಷದಲ್ಲಿ ಮತ್ತೆ ಮಂಜು. ಮನೆಗೆ ಬಂದ ಮೇಲೆ ಕ್ಯಾಮೆರಾವನ್ನು ಚೀಲದಲ್ಲೇ ಮುಚ್ಚಿಟ್ಟು ಕೋಣೆಯ ಬಿಸುಪಿಗೆ ಬರಲು ಬಿಡಿ.

ಪೂರಕ ಚಿತ್ರಗಳು

ಲೆನ್ಸಿನ ಅಂಚುಗತ್ತಲೆ, ಸೆನ್ಸರಿನ ಮೇಲಿನ ಧೂಳು, ಬಿಸಿ ಪಿಕ್ಸೆಲ್ ಇವನ್ನೆಲ್ಲ ಕಳೆಯಲು ಇನ್ನೂ ಮೂರು ಬಗೆಯ ಚಿತ್ರ ಬೇಕು. ಬಯಾಸ್ ಸುಲಭ: ಮುಚ್ಚಳ ಹಾಕಿ, ಅದೇ ಐಎಸ್‌ಒ, 1/4000 ಸೆಕೆಂಡ್, 50 ಚಿತ್ರ. ಇವನ್ನು ಮನೆಯಲ್ಲೇ ತೆಗೆದು ತಿಂಗಳುಗಟ್ಟಲೆ ಬಳಸಬಹುದು. ಡಾರ್ಕ್ ಚಿತ್ರಗಳನ್ನು ಮುಚ್ಚಳ ಹಾಕಿ, ಅದೇ ಐಎಸ್‌ಒ, ಅದೇ 4 ಸೆಕೆಂಡಿನಲ್ಲಿ, ಹೊಲದಲ್ಲೇ ಆ ಹೊತ್ತಿನ ಚಳಿಯಲ್ಲೇ 30 ತೆಗೆಯಬೇಕು; ವ್ಯೂಫೈಂಡರಿನಿಂದ ಬೆಳಕು ನುಗ್ಗದಂತೆ ಬಟ್ಟೆ ಮುಚ್ಚಿ.

ಎಲ್ಲಕ್ಕಿಂತ ಮುಖ್ಯ ಫ್ಲಾಟ್, ಅಂದರೆ ಒಂದೇ ಸಮ ಬೆಳಕಿನ ಬರಿಯ ಬಿಳಿಯ ಚಿತ್ರ; ಹೊಸಬರು ಬಿಟ್ಟುಬಿಡುವುದೂ ಅದನ್ನೇ. ನೀಹಾರಿಕೆಯ ಮಂಕು ಭಾಗವನ್ನು ಎತ್ತಿ ತೋರಿಸಲು ಚಿತ್ರದ ಹೊಳಪನ್ನು ಹಿಗ್ಗಿಸಿದಾಗ ಅಂಚುಗತ್ತಲೆಯೂ ಅಷ್ಟೇ ಹಿಗ್ಗಿ ನಡುವೆ ಬಿಳಿ ಚಕ್ರ, ಸುತ್ತ ಕಪ್ಪು ಬರುತ್ತದೆ. ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ, ಸುಕ್ಕಿಲ್ಲದಂತೆ ಲೆನ್ಸಿನ ಬಾಯಿಗೆ ಬಿಗಿದು ರಬ್ಬರ್ ಬ್ಯಾಂಡ್ ಹಾಕಿ, ಬೆಳಗಿನ ಜಾವದ ಆಕಾಶಕ್ಕೋ ಲ್ಯಾಪ್‌ಟಾಪಿನ ಬಿಳಿ ಪರದೆಗೋ ಹಿಡಿಯಿರಿ. ಫೋಕಸ್, ಅಪರ್ಚರ್, ಐಎಸ್‌ಒ ಒಂದೂ ಬದಲಾಗಕೂಡದು. ಎವಿ ಮೋಡಿನಲ್ಲಿ (ಶಟರ್ ವೇಗವನ್ನು ಕ್ಯಾಮೆರಾವೇ ಆರಿಸುವ ಮೋಡ್) ತೆಗೆದರೆ ಹಿಸ್ಟೋಗ್ರಾಮಿನ ಗುಡ್ಡ ತಾನಾಗಿ ನಡುವಿಗೆ ಬರುತ್ತದೆ. 30 ಚಿತ್ರ ಸಾಕು. ಪರದೆಯಲ್ಲಿ ತೆಗೆಯುವವರು ಶಟರ್ ವೇಗ 1/30 ಅಥವಾ ಅದಕ್ಕಿಂತ ನಿಧಾನವಾಗಿರುವಂತೆ ಪರದೆಯ ಹೊಳಪು ಇಳಿಸಿಕೊಳ್ಳಿ, ಇಲ್ಲವಾದರೆ ಪರದೆಯ ಮಿಣುಕು ಪಟ್ಟಿಪಟ್ಟಿಯಾಗಿ ಮೂಡುತ್ತದೆ. ಸಮಯವೇ ಇಲ್ಲ, ಒಂದನ್ನು ಬಿಡಲೇಬೇಕು ಅಂದರೆ 4 ಸೆಕೆಂಡಿನ ಚಿತ್ರಗಳಿಗೆ ಡಾರ್ಕ್ ಬಿಡಿ, ಫ್ಲಾಟ್ ಬಿಡಬೇಡಿ.

ಕಂಪ್ಯೂಟರಿನಲ್ಲಿ ಪೇರಿಸುವುದು

ಸಿರಿಲ್ ಎಂಬ ತಂತ್ರಾಂಶ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಒಂದು ಫೋಲ್ಡರಿನೊಳಗೆ ಲೈಟ್ಸ್ (lights, ಆಕಾಶದ 4 ಸೆಕೆಂಡಿನ ಚಿತ್ರಗಳು), ಡಾರ್ಕ್ಸ್ (darks), ಫ್ಲಾಟ್ಸ್ (flats), ಬಯಾಸೆಸ್ (biases) ಎಂಬ ನಾಲ್ಕು ಫೋಲ್ಡರ್ ಮಾಡಿ. ಹೆಸರು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ಬಹುವಚನದಲ್ಲೇ ಇರಬೇಕು. ಒಂದಕ್ಷರ ತಪ್ಪಿದರೂ ಸ್ಕ್ರಿಪ್ಟ್ ನಿಂತುಹೋಗುತ್ತದೆ. ಆ ಹೊರ ಫೋಲ್ಡರನ್ನು ಹೋಮ್ ಆಗಿ ಆರಿಸಿ ಓಎಸ್‌ಸಿ ಪ್ರೀಪ್ರೊಸೆಸಿಂಗ್ ಸ್ಕ್ರಿಪ್ಟ್ ಓಡಿಸಿ. ಡಾರ್ಕ್ ಇಲ್ಲದವರಿಗೆ, ಫ್ಲಾಟ್ ಇಲ್ಲದವರಿಗೆ ಬೇರೆ ಸ್ಕ್ರಿಪ್ಟ್‌ಗಳಿವೆ. ಅದಕ್ಕೂ ಮೊದಲು ಲೈಟ್ ಚಿತ್ರಗಳನ್ನು ಒಮ್ಮೆ ಬೇಗಬೇಗ ತಿರುವಿಹಾಕಿ, ಮೋಡ ಬಂದವು, ಅಲುಗಿದವು, ಟಾರ್ಚ್ ಬೆಳಕು ಬಿದ್ದವನ್ನು ಅಳಿಸಿ. ವಿಮಾನ, ಉಪಗ್ರಹದ ಗೆರೆ ಬಿದ್ದವು ಇರಲಿ. ಪೇರಿಸುವಾಗಿನ ಸಿಗ್ಮಾ ಕ್ಲಿಪಿಂಗ್ ಅವನ್ನು ತಾನೇ ತೆಗೆದುಹಾಕುತ್ತದೆ.

ಇಲ್ಲಿ ಬಹಳ ಜನರ ಲ್ಯಾಪ್‌ಟಾಪ್ ಕೈಕೊಡುತ್ತದೆ. ಕ್ಯಾಮೆರಾದ 600 ಫೈಲು 17 ಜಿಬಿ ಇರಬಹುದು, ಆದರೆ ಸಿರಿಲ್ ಕೆಲಸದ ನಡುವೆ ಪ್ರತಿ ಚಿತ್ರಕ್ಕೂ ಮೂರು ಪ್ರತಿ ಮಾಡಿಕೊಳ್ಳುತ್ತದೆ: ಪರಿವರ್ತಿಸಿದ್ದು, ತಿದ್ದಿದ್ದು, ಹೊಂದಿಸಿದ್ದು. 24 ಮೆಗಾಪಿಕ್ಸೆಲ್ಲಿನ ಒಂದೊಂದಕ್ಕೂ ಒಟ್ಟು 600 ಎಂಬಿ ಹತ್ತಿರ ಆಗುತ್ತದೆ. 600 ಚಿತ್ರಕ್ಕೆ 350 ಜಿಬಿ ಮೇಲೆ ಖಾಲಿ ಜಾಗ ಎಲ್ಲಿಂದ ತರುವುದು? ಉಪಾಯವಿದೆ: ಹತ್ತು ನಿಮಿಷದ ಐದು ಕಂತುಗಳನ್ನು ಐದು ಬಾರಿಯಾಗಿ ಪೇರಿಸಿ. ಒಂದು ಕಂತು ಮುಗಿದಾಗ ಬರುವ ರಿಸಲ್ಟ್ ಫೈಲನ್ನು ಬೇರೆಡೆ ಇಟ್ಟು, ಪ್ರೊಸೆಸ್ ಫೋಲ್ಡರನ್ನು ಅಳಿಸಿ, ಮುಂದಿನ ಕಂತು ಹಾಕಿ. ಕಂತಿಗೆ 75 ಜಿಬಿ ಇದ್ದರೆ ಸಾಕು. ಸೆಟ್ಟಿಂಗಿನಲ್ಲಿ 32 ಬಿಟ್ ಬದಲು 16 ಬಿಟ್ ಆರಿಸಿದರೆ ಅದರ ಅರ್ಧಕ್ಕಿಂತ ತುಸು ಹೆಚ್ಚು. ಕೊನೆಗೆ ಐದು ರಿಸಲ್ಟ್ ಫೈಲುಗಳನ್ನು ಒಂದು ಸೀಕ್ವೆನ್ಸ್ ಮಾಡಿ, ಡಿಬೇಯರ್ (ರಾ ಫೈಲಿನಿಂದ ಬಣ್ಣ ಬಿಡಿಸುವ) ಆಯ್ಕೆ ತೆಗೆದು, ಹೊಂದಿಸಿ, ಸರಾಸರಿ ತೆಗೆಯಿರಿ. ಇದರಿಂದ ಇನ್ನೊಂದು ಲಾಭವೂ ಇದೆ. ಒಂದು ಕಂತಿನೊಳಗೆ ಚಿತ್ರ ಹೆಚ್ಚು ಜಾರಿರದ ಕಾರಣ ಲೆನ್ಸಿನ ವಕ್ರತೆಯಿಂದ ಮೂಲೆಯ ನಕ್ಷತ್ರಗಳು ಎರಡೆರಡಾಗಿ ಕಾಣುವ ತೊಂದರೆ ಕಡಿಮೆ.

ಕತ್ತಲಿಂದ ಚಿತ್ರ ಬಿಡಿಸುವುದು

ರಿಸಲ್ಟ್ ಫೈಲು ತೆರೆದಾಗ ಪರದೆ ಪೂರ್ತಿ ಕಪ್ಪು. ಹೆದರಬೇಡಿ, ಕೆಳಗಿನ ಲೀನಿಯರ್ ಎಂಬುದನ್ನು ಆಟೋಸ್ಟ್ರೆಚ್ ಮಾಡಿ, ಒಳಗೆ ಏನಿದೆ ಎಂದು ಕಾಣುತ್ತದೆ. ಇದು ಬರೀ ತೋರಿಕೆ, ಫೈಲು ಬದಲಾಗಿರುವುದಿಲ್ಲ.

ಕೆಲಸದ ಅನುಕ್ರಮ ತಪ್ಪಬಾರದು. ಮೊದಲು ಜಾರಿಕೆಯಿಂದ ಹಾಳಾದ ಅಂಚುಗಳನ್ನು ಕತ್ತರಿಸಿ. ಅಂಚು ಉಳಿದಿದ್ದರೆ ಮುಂದಿನ ಲೆಕ್ಕಗಳೆಲ್ಲ ಕೆಡುತ್ತವೆ. ನಂತರ ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್: ದೂರದ ಊರಿನ ಬೆಳಕಿನಿಂದ ಆಕಾಶದ ಒಂದು ಬದಿ ಹೆಚ್ಚು ಬೆಳಗಿರುತ್ತದೆ, ಅದನ್ನು ಕಳೆಯಲಿಕ್ಕೆ. ಸಿರಿಲ್ ಇಡುವ ಸಣ್ಣ ಚೌಕಗಳಲ್ಲಿ ಯಾವುದಾದರೂ ನೀಹಾರಿಕೆಯ ಮೇಲೆ ಕೂತಿದ್ದರೆ ಅಳಿಸಿ, ಇಲ್ಲದಿದ್ದರೆ ನೀಹಾರಿಕೆಯನ್ನೇ ಮಾಲಿನ್ಯವೆಂದು ತಿಳಿದು ಕಳೆದುಬಿಡುತ್ತದೆ. ಗ್ರಾಎಕ್ಸ್‌ಪರ್ಟ್ ಎಂಬ ಉಚಿತ ತಂತ್ರಾಂಶ ಈ ಒಂದು ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ಆಮೇಲೆ ಬಣ್ಣ: ಪ್ಲೇಟ್ ಸಾಲ್ವಿಂಗ್‌ನಲ್ಲಿ ಎಂ42 ಎಂದು ಹೆಸರು, 50 ಮಿ.ಮೀ., 3.72 ಮೈಕ್ರಾನ್ ಕೊಟ್ಟರೆ ಅದು ನಕ್ಷತ್ರಗಳನ್ನು ಗುರುತಿಸುತ್ತದೆ; ಅದರ ನಂತರ ಫೋಟೊಮೆಟ್ರಿಕ್ ಕಲರ್ ಕ್ಯಾಲಿಬ್ರೇಷನ್ ಓಡಿಸಿದರೆ ಅವುಗಳ ನಿಜಬಣ್ಣಕ್ಕೆ ಚಿತ್ರ ಹೊಂದುತ್ತದೆ. ಹಸಿರುಛಾಯೆ ಉಳಿದಿದ್ದರೆ ರಿಮೂವ್ ಗ್ರೀನ್ ನಾಯ್ಸ್.

ಇಷ್ಟಾದ ಮೇಲಷ್ಟೇ ನಿಜವಾದ ಸ್ಟ್ರೆಚ್, ಅಂದರೆ ಮಂಕು ಭಾಗದ ಹೊಳಪನ್ನು ಎತ್ತುವುದು. ಮೊದಲು ಆಸಿನ್ಹ್ ಸ್ಟ್ರೆಚ್ ಸ್ವಲ್ಪ ಹಾಕಿ, ಅದು ನಕ್ಷತ್ರಗಳ ಬಣ್ಣ ಕಾಪಾಡುತ್ತದೆ. ಬಳಿಕ ಹಿಸ್ಟೋಗ್ರಾಮ್ ಕಿಟಕಿಯಲ್ಲಿ ನಡುಬಿಂದುವನ್ನು ಎಡಕ್ಕೆ ಎಳೆಯುತ್ತ, ಒಂದೇ ಸಲಕ್ಕೆ ಬೇಡ, ಎರಡು ಮೂರು ಸಲಕ್ಕೆ ಎತ್ತಿ. ಕಪ್ಪುಬಿಂದುವನ್ನು ಗುಡ್ಡದ ಬುಡಕ್ಕಿಂತ ಒಳಗೆ ನೂಕಬೇಡಿ. ಆಕಾಶ ಪೂರ್ತಿ ಕಪ್ಪಾಗಿ ಚೆನ್ನಾಗಿದೆ ಅನ್ನಿಸುತ್ತದೆ, ಆದರೆ ನೀಹಾರಿಕೆಯ ತೆಳು ರೆಕ್ಕೆಗಳೂ ಆ ಕಪ್ಪಿನಲ್ಲಿ ಹೋಗಿರುತ್ತವೆ. ಗಾಢ ಬೂದು ಬಣ್ಣದ ಆಕಾಶವೇ ಸರಿ. 16 ಬಿಟ್ ಟಿಫ್ ಆಗಿ ಉಳಿಸಿ, ಜಿಂಪ್ ಎಂಬ ಉಚಿತ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಬಣ್ಣ ತುಸು ಏರಿಸಿದರೆ ಮುಗಿಯಿತು.

ಅಂತರ್ಜಾಲದ ಚಿತ್ರಗಳಲ್ಲಿ ಮಹಾವ್ಯಾಧನನ್ನು ಸುತ್ತುವರಿದಿರುವ ಕೆಂಪು ಬಿಲ್ಲು, ಕುದುರೆತಲೆ ನೀಹಾರಿಕೆ ನಿಮ್ಮ ಚಿತ್ರದಲ್ಲಿ ಕಾಣದಿದ್ದರೆ ಅದು ನಿಮ್ಮ ತಪ್ಪಲ್ಲ. ಆ ಬಿಲ್ಲೂ, ಕಪ್ಪು ಕುದುರೆತಲೆಯ ಹಿಂದಿನ ಮೋಡವೂ ಹೈಡ್ರೋಜನ್ ಅನಿಲದ 656 ನ್ಯಾನೋಮೀಟರಿನ ಕೆಂಪಿನಲ್ಲಿ ಹೊಳೆಯುತ್ತವೆ. ಸಾಮಾನ್ಯ ಕ್ಯಾಮೆರಾದ ಸೆನ್ಸರಿನ ಮುಂದಿರುವ ಫಿಲ್ಟರು ಆ ಬೆಳಕಿನ ಬಹುಪಾಲನ್ನು ತಡೆಯುತ್ತದೆ.

ಮುಂದಿನ ಮೆಟ್ಟಿಲು: ಕೈಯಿಂದ ತಿರುಗಿಸುವ ಹಲಗೆ ಟ್ರ್ಯಾಕರ್

ನಕ್ಷತ್ರದ ಜೊತೆಗೇ ಕ್ಯಾಮೆರಾ ತಿರುಗಿದರೆ 4 ಸೆಕೆಂಡಿನ ಬದಲು ಒಂದು ನಿಮಿಷದ ಚಿತ್ರ ತೆಗೆಯಬಹುದು, 600 ಫೈಲಿನ ಕಡೆ 40 ಸಾಕು. ಮೋಟಾರಿನ ಟ್ರ್ಯಾಕರ್ ದುಬಾರಿ. ಬಡಗಿ ಅಂಗಡಿ, ಹಾರ್ಡ್‌ವೇರ್ ಅಂಗಡಿಯ ಸಾಮಾನಿನಲ್ಲೇ ಒಂದನ್ನು ಮಾಡಿಕೊಳ್ಳಬಹುದು.

18 ಮಿ.ಮೀ. ಪ್ಲೈವುಡ್ಡಿನ 30 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಎರಡು ಹಲಗೆ, ಅವುಗಳ ಒಂದು ಕೊನೆಗೆ ಅಲುಗಾಟವಿಲ್ಲದ ಬಾಗಿಲ ಕೀಲು. ಕೀಲಿನ ಕಡ್ಡಿಯ ನಡುವಿನಿಂದ 22.86 ಸೆಂ.ಮೀ. ದೂರದಲ್ಲಿ ಕೆಳಹಲಗೆಗೆ ತೂತು ಕೊರೆದು ಎಂ6 (6 ಮಿ.ಮೀ. ವ್ಯಾಸದ) ನಟ್ ಕೂರಿಸಿ, ಅದರೊಳಗೆ ಎಂ6 ಮರೆಯ (ಥ್ರೆಡ್) ಸರಳು ಹಾಕಿ. ಸರಳಿನ ತುದಿ ಮೇಲಿನ ಹಲಗೆಯನ್ನು ತಳ್ಳುತ್ತದೆ. ತುದಿ ತಾಗುವಲ್ಲಿ ಒಂದು ಲೋಹದ ಚೂರು ಅಂಟಿಸಿ. ಎಂ6ರ ಮರೆ ಸುತ್ತಿಗೆ ಸರಿಯಾಗಿ 1 ಮಿ.ಮೀ. ಇರುವುದರಿಂದ ಈ ದೂರದಲ್ಲಿ ನಿಮಿಷಕ್ಕೊಂದು ಸುತ್ತು ಹಾಕಿದರೆ ಭೂಮಿಯ ವೇಗಕ್ಕೆ ಹೊಂದುತ್ತದೆ. ಸರಳಿಗೆ ಬಾಟಲಿ ಮುಚ್ಚಳವೊಂದನ್ನು ಸಿಕ್ಕಿಸಿ, ನಾಲ್ಕು ಗುರುತು ಹಾಕಿ, ಗಡಿಯಾರ ನೋಡುತ್ತ 15 ಸೆಕೆಂಡಿಗೆ ಕಾಲು ಸುತ್ತು ತಿರುಗಿಸಿ. ತೂತು ಒಂದು ಮಿಲಿಮೀಟರ್ ಆಚೀಚೆಯಾದರೂ ನಿಮಿಷಕ್ಕೆ ಬರುವ ತಪ್ಪು 4 ಆರ್ಕ್‌ಸೆಕೆಂಡ್, ಸುಮಾರು ಕಾಲು ಪಿಕ್ಸೆಲ್ ಅಷ್ಟೇ. ಕೆಳಹಲಗೆ ಟ್ರೈಪಾಡಿಗೆ, ಮೇಲಿನ ಹಲಗೆಯ ಮೇಲೆ ಒಂದು ಬಾಲ್ ಹೆಡ್, ಅದರ ಮೇಲೆ ಕ್ಯಾಮೆರಾ.

ಉತ್ತರಕ್ಕೆ ಮುಖಮಾಡಿ ನಿಂತಾಗ ಕೀಲು ನಿಮ್ಮ ಎಡಕ್ಕಿರಬೇಕು, ಬಲಬದಿ ಮೇಲೇಳಬೇಕು. ಉಲ್ಟಾ ಇಟ್ಟರೆ ನಕ್ಷತ್ರಗಳ ಗೆರೆ ಇಮ್ಮಡಿಯಾಗುತ್ತದೆ. ಕೀಲಿನ ಕಡ್ಡಿ ಧ್ರುವ ನಕ್ಷತ್ರದ ಕಡೆ ತೋರಿಸಬೇಕು. ಕಡ್ಡಿಯ ನೇರಕ್ಕೆ ಒಂದು ಎಳನೀರು ಸ್ಟ್ರಾ ಅಂಟಿಸಿಕೊಂಡು ಅದರೊಳಗಿಂದ ನೋಡಿದರಾಯಿತು. ನಮ್ಮಲ್ಲಿನ ತೊಡಕೆಂದರೆ ಧ್ರುವ ಬಹಳ ಕೆಳಗಿದೆ: ಬೆಂಗಳೂರು, ಮಂಗಳೂರಿನಲ್ಲಿ ದಿಗಂತದಿಂದ 13 ಡಿಗ್ರಿ, ಬೆಳಗಾವಿಯಲ್ಲಿ 16, ಬೀದರಿನಲ್ಲಿ 18. ಒಂದು ತೆಂಗಿನ ಮರ ಸಾಕು ಮರೆಮಾಡಲು. ಹಾಗಾದಾಗ ಮೊಬೈಲಿನ ದಿಕ್ಸೂಚಿಯಿಂದ ಉತ್ತರವನ್ನೂ, ಕೋನಮಾಪಕ ಆ್ಯಪ್‌ನಿಂದ ಊರಿನ ಅಕ್ಷಾಂಶದಷ್ಟು ಏರನ್ನೂ ಕೊಡಿ. ದಿಕ್ಸೂಚಿಯನ್ನು ಸರಳು, ಟ್ರೈಪಾಡಿನಂಥ ಕಬ್ಬಿಣದಿಂದ ದೂರ ಹಿಡಿಯಿರಿ. ಒಂದು ಡಿಗ್ರಿ ತಪ್ಪಿದರೂ 50 ಮಿ.ಮೀ. ಲೆನ್ಸಿನಲ್ಲಿ ಒಂದು ನಿಮಿಷಕ್ಕೆ ಆಗುವ ಜಾರಿಕೆ ಹೆಚ್ಚೆಂದರೆ ಒಂದು ಪಿಕ್ಸೆಲ್. ಹತ್ತು ನಿಮಿಷಕ್ಕೊಮ್ಮೆ ಸರಳನ್ನು ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಶುರುಮಾಡಿ. ನೇರ ಸರಳಿನ ಲೆಕ್ಕ ಹಲಗೆ ಹೆಚ್ಚು ತೆರೆದಂತೆ ತಪ್ಪತೊಡಗುತ್ತದೆ.

ಮಹಾವ್ಯಾಧ ಮಾರ್ಚ್ ಕೊನೆಗೆ ಪಶ್ಚಿಮಕ್ಕೆ ವಾಲುತ್ತಾನೆ. ಅಲ್ಲಿಯವರೆಗೆ ಪಕ್ಕದಲ್ಲೇ ಇರುವ ಕೃತ್ತಿಕೆಯನ್ನೂ ಇದೇ ಕ್ರಮದಲ್ಲಿ ತೆಗೆಯಬಹುದು. ಅದರ ಸುತ್ತಲಿನ ನೀಲಿ ಧೂಳಿಗೆ ಮಾತ್ರ ಒಂದು ಗಂಟೆಗೂ ಮೀರಿದ ಬೆಳಕು ಬೇಕು. ಏಪ್ರಿಲ್, ಮೇ ರಾತ್ರಿಗಳಲ್ಲಿ ದಕ್ಷಿಣಕ್ಕೆ ತಿರುಗಿ: ಒಮೆಗಾ ಸೆಂಟಾರಿ ಎಂಬ ದೊಡ್ಡ ಗೋಳ ಗುಚ್ಛ (ಚೆಂಡಿನಂತೆ ಒತ್ತೊತ್ತಾಗಿ ಸೇರಿದ ನಕ್ಷತ್ರಗಳ ಗುಂಪು) ಬೆಂಗಳೂರಿನಿಂದ 29 ಡಿಗ್ರಿ ಎತ್ತರಕ್ಕೆ ಬರುತ್ತದೆ, ಉತ್ತರ ಭಾರತದವರಿಗೆ ಅದು ದಿಗಂತದ ಮಬ್ಬಿನಲ್ಲಿ ಸಿಕ್ಕಿಕೊಂಡಿರುತ್ತದೆ. ಅದೇ ತಿಂಗಳುಗಳ ಬೆಳಗಿನ ಜಾವಕ್ಕೆ ಧನು ರಾಶಿ ಮೇಲೇರಿರುತ್ತದೆ. 18-55 ಲೆನ್ಸಿನ 18 ಮಿ.ಮೀ., ಎಫ್ 3.5, 13 ಸೆಕೆಂಡಿನಲ್ಲಿ ಆಕಾಶಗಂಗೆಯ ನಡುಭಾಗ ಸಿಗುತ್ತದೆ. ಜೂನ್ ಬಂದರೆ ಮೋಡ. ಆಮೇಲೆ ನವೆಂಬರಿನ ಮೊದಲ ನಿರ್ಮಲ ರಾತ್ರಿಗೆ ಆಂಡ್ರೊಮೀಡಾ ಗೆಲಾಕ್ಸಿ ನೆತ್ತಿಯ ಉತ್ತರಕ್ಕೆ ಕಾದಿರುತ್ತದೆ: ಅಗಲ ಮೂರು ಡಿಗ್ರಿ, 50 ಮಿ.ಮೀ. ಲೆನ್ಸಿಗೆ 700 ಪಿಕ್ಸೆಲ್.